ಕಸದ ವಾಹನಕ್ಕೆ ದಪ್ಪ ಅರ್ತ್ ವೈರ್ ಹಾಕಿಸಿಕೊಡುವ ಬಗ್ಗೆ

ಇಂದ,
ಸುಮಿತಾ ಬಿ. ಆರ್.,
ಚಾಲಕಿ, ಕಸ ಸಂಗ್ರಹಣೆ ವಾಹನ,
ಕಾನುಗದ್ದೆ ಗ್ರಾಮ ಪಂಚಾಯಿತಿ,
ಶನಿವಾರಸಂತೆ ಹೋಬಳಿ, ಕೊಡಗು ಜಿಲ್ಲೆ.

ಗೆ,
ಶ್ರೀ ಸ್ಕಂದ ಅವರು,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಕಾನುಗದ್ದೆ ಗ್ರಾಮ ಪಂಚಾಯಿತಿ.

ದಿನಾಂಕ: 11-12-2024

ವಿಷಯ: ಕಸದ ವಾಹನದ ಬ್ಯಾಟರಿಯ ಅರ್ತ್ ವೈರನ್ನು ತೆಗೆದು ದಪ್ಪನೆಯದನ್ನು ಹಾಕಿಸಿಕೊಡುವ ಬಗ್ಗೆ, ಹಾಗೂ ದಿನಾಂಕ 06-11-2024ರಂದು ಬಚ್ಚಲುಮನೆಯಲ್ಲಿ ನಡೆಯಿತೆಂದು ದಾಖಲಾಗಿರುವ ಘಟನೆಯು ಬಚ್ಚಲುಮನೆಯಲ್ಲಿ ನಡೆಯದಿರುವ ಬಗ್ಗೆ.

ಉಲ್ಲೇಖ:
1) ನನ್ನ ಅರ್ಜಿ, ದಿ. 18-11-2024 (ಉಲ್ಲೇಖವಿಲ್ಲವೆಂದು ಹಿಂತಿರುಗಿಸಿದ್ದು)
2) ನನ್ನ ಅರ್ಜಿ, ದಿ. 25-11-2024 (ಬೀದಿದೀಪ ನೋಡಿಕೊಳ್ಳುವವರಿಗೆ ವರ್ಗಾಯಿಸಿದ್ದು)
3) ನನ್ನ ಅರ್ಜಿ, ದಿ. 02-12-2024 (ಗ್ರಾಮ ಆಡಳಿತಾಧಿಕಾರಿಯವರಿಗೆ ವರ್ಗಾಯಿಸಿದ್ದು)
4) ತಮ್ಮ ನೋಟೀಸು, ದಿ. 06-12-2024

ಮಾನ್ಯರೇ,

ಉಲ್ಲೇಖ (4)ರ ನೋಟೀಸಿನಲ್ಲಿ ತಾವು ಮೂರು ವಿಷಯಗಳಿಗೆ ಏಳು ದಿನಗಳೊಳಗೆ ಸಮಜಾಯಿಷಿ ಕೇಳಿರುತ್ತೀರಿ. ಒಂದು, ಹನ್ನೊಂದು ತಿಂಗಳಲ್ಲಿ ಮೂರು ಬ್ಯಾಟರಿ ಹಾಳಾಗಲು ಕಾರಣವೇನು. ಎರಡು, ಹಾಲಿನ ಡೇರಿಯ ಪಕ್ಕದ ತೋಟದ ಬೇಲಿಗೆ ವಾಹನ ನುಗ್ಗಿಸಲು ಕಾರಣವೇನು. ಮೂರು, ಪಂಚಾಯಿತಿ ವಾಹನಕ್ಕೆ ಅನುಮತಿಯಿಲ್ಲದೆ ವೈರ್ ಜೋಡಿಸಲು ಕಾರಣವೇನು. ಮೂರಕ್ಕೂ ಕಾರಣ ಒಂದೇ ಆಗಿರುವುದರಿಂದ ಒಂದೇ ಅರ್ಜಿಯಲ್ಲಿ ಬರೆಯುತ್ತಿದ್ದೇನೆ. ತಾವು ಕೇಳದಿರುವ ನಾಲ್ಕನೆಯ ವಿಷಯವೊಂದಿದೆ. ಅದು ಏಳನೆಯ ಅಂಶದಲ್ಲಿ ಬರುತ್ತದೆ. ಕಚೇರಿಯಲ್ಲಿ ಅರ್ಜಿಗಳನ್ನು ಮೊದಲ ಪುಟದವರೆಗೆ ಮಾತ್ರ ಓದುವ ಪದ್ಧತಿ ಇರುವುದು ನನ್ನ ಗಮನಕ್ಕೆ ಬಂದಿರುವುದರಿಂದ, ದಯವಿಟ್ಟು ಪುಟ ತಿರುಗಿಸಬೇಕಾಗಿ ಮೊದಲೇ ಕೋರುತ್ತೇನೆ.

1. ನಾನು ಈ ಕೆಲಸಕ್ಕೆ ಸೇರಿದ್ದು 15-01-2024ರಂದು. ಅದಕ್ಕೂ ಮೊದಲು ಹದಿಮೂರು ವರ್ಷ ಕಾಫಿ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಮಾಡುತ್ತಿದ್ದೆ. ಕಸದ ವಾಹನವನ್ನು ಹೆಂಗಸರೇ ಓಡಿಸಬೇಕೆಂದು ತೀರ್ಮಾನವಾದಾಗ ನಮ್ಮ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ, ಯಾರಿಗೆ ಇಷ್ಟವಿದೆ, ಕೈ ಎತ್ತಿ ಎಂದರು. ನಾನು ಎತ್ತಿದೆ. ಸುತ್ತ ನೋಡಿದರೆ ಬೇರೆ ಯಾರೂ ಎತ್ತಿರಲಿಲ್ಲ. ಮೂವತ್ತು ದಿನ ತರಬೇತಿ ಕೊಟ್ಟರು. ಲೈಸೆನ್ಸಿನ ಪ್ರತಿ ಲಗತ್ತಿಸಿದೆ. ಬ್ಯಾಟರಿಯ ಬಗ್ಗೆ ಆ ಮೂವತ್ತು ದಿನಗಳಲ್ಲಿ ಹೇಳಿಕೊಟ್ಟದ್ದು ಒಂದೇ ಮಾತು: ಅದು ಸೀಟಿನ ಕೆಳಗಿದೆ, ಮುಟ್ಟಬೇಡಿ.

ನನ್ನೊಂದಿಗೆ ಸಹಾಯಕಿಯಾಗಿರುವವರು ಶ್ರೀಮತಿ ರುದ್ರಮ್ಮ, 54 ವರ್ಷ. ಮನೆಮನೆಯ ಬಕೆಟ್ ಎತ್ತಿ ವಾಹನದ ತೊಟ್ಟಿಗೆ ಸುರಿಯುವುದು ಅವರ ಕೆಲಸ. ಯಾವ ಮನೆಯವರು ಮೀನಿನ ಕಸವನ್ನು ಒಣಕಸದ ಚೀಲದೊಳಗೆ ಬಚ್ಚಿಟ್ಟಿದ್ದಾರೆ ಎಂಬುದನ್ನು ಅವರು ಗೇಟಿನ ಹೊರಗೆ ನಿಂತೇ ಹೇಳಬಲ್ಲರು. ಮಳೆಗಾಲದಲ್ಲಿ ನನ್ನ ಕಡೆಯ ಗಾಜು ಏರುತ್ತಿರಲಿಲ್ಲವಾದ್ದರಿಂದ ಮೂರು ತಿಂಗಳು, ಮಳೆಗೆ ತಲೆಯ ಮೇಲಿಂದ ಹೊದೆಯುವ ತಮ್ಮ ಗೊರಬನ್ನು ಕಿಟಕಿಗೆ ಅಡ್ಡ ಕಟ್ಟಿ, ತಾವು ಪ್ಲಾಸ್ಟಿಕ್ ಚೀಲ ಹೊದ್ದು ಕೆಲಸ ಮಾಡಿದರು. ಇದು ವಾಹನದ ದುರಸ್ತಿ ಪುಸ್ತಕದಲ್ಲಿ ದಾಖಲಾಗಿಲ್ಲ.

2. ಮಾರ್ಚ್ ತಿಂಗಳಿನಿಂದ ವಾಹನವು ಈ ಕೆಳಕಂಡಂತೆ ವರ್ತಿಸತೊಡಗಿತು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುವುದು. ಹಾರ್ನ್ ಒತ್ತಿದರೆ ವೈಪರ್ ಒಮ್ಮೆ ಎದ್ದು ಮಲಗುವುದು. ಕೀಲಿ ತಿರುಗಿಸಿ ಸೆಲ್ಫ್ ಹೊಡೆದರೆ ಟಕ್ ಎಂದು ಸುಮ್ಮನಾಗುವುದು. ಕೆಲವು ದಿನ ಎರಡನೆಯ ಸಲಕ್ಕೆ, ಕೆಲವು ದಿನ ಇಪ್ಪತ್ತನೆಯ ಸಲಕ್ಕೆ ಸ್ಟಾರ್ಟ್ ಆಗುವುದು, ಉಳಿದ ದಿನ ಆಗದೇ ಇರುವುದು.

3. ವಾಹನದ ಧ್ವನಿವರ್ಧಕದಲ್ಲಿ ಬರುವ ಸ್ವಚ್ಛತೆಯ ಹಾಡಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ನಾನು ಬ್ರೇಕ್ ಒತ್ತಿದ ಕೂಡಲೇ ಹಾಡು ನಿಂತುಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ನಮ್ಮ ಪಂಚಾಯಿತಿಯ ರಸ್ತೆಗಳಲ್ಲಿ ಬ್ರೇಕ್ ಒತ್ತದೆ ಒಂದು ನಿಮಿಷ ಹೋಗಲು ಸಾಧ್ಯವಿಲ್ಲ. ಆದಕಾರಣ ಊರಿನವರು ಎಂಟು ತಿಂಗಳು ಆ ಹಾಡಿನ ಮೊದಲ ಎರಡು ಸಾಲುಗಳನ್ನು ಮಾತ್ರ ಕೇಳಿರುತ್ತಾರೆ. ಅವುಗಳಲ್ಲಿ ಇರುವುದು ಕಸ ತನ್ನಿ ಎಂಬುದಷ್ಟೇ. ಹಸಿಕಸ ಬೇರೆ, ಒಣಕಸ ಬೇರೆ ಮಾಡಿ ತನ್ನಿ ಎಂಬುದು ಎರಡನೆಯ ಚರಣದಲ್ಲಿ ಬರುತ್ತದೆ. ಊರಿನವರು ಕಸ ಬೇರ್ಪಡಿಸುತ್ತಿಲ್ಲವೆಂದು ತಾವು ಜುಲೈ ಸಭೆಯಲ್ಲಿ ಬೇಸರಪಟ್ಟುಕೊಂಡಿರುತ್ತೀರಿ. ಅವರ ತಪ್ಪು ಪೂರ್ತಿ ಅಲ್ಲ.

4. ವಾಹನವನ್ನು ತಳ್ಳಿ ಸ್ಟಾರ್ಟ್ ಮಾಡುವುದು ಹೀಗೆ ರೂಢಿಗೆ ಬಂತು. ರುದ್ರಮ್ಮ ಹಿಂದಿನಿಂದ ತಳ್ಳುವುದು, ನಾನು ಎರಡನೆಯ ಗೇರಿನಲ್ಲಿ ಕ್ಲಚ್ ಬಿಡುವುದು. ಇಳಿಜಾರು ಇರುವ ಕಡೆಯೇ ನಿಲ್ಲಿಸುವುದನ್ನು ಕಲಿತೆವು. ಇಳಿಜಾರು ಇಲ್ಲದ ಮನೆಗಳವರು ನಮ್ಮಲ್ಲಿಗೇ ಬಕೆಟ್ ತರುವುದನ್ನು ಕಲಿತರು. ನಾನು ಲಾಗ್ ಪುಸ್ತಕದಲ್ಲಿ ಪ್ರತಿದಿನ "ತಳ್ಳಲಾಯಿತು" ಎಂದು ಬರೆಯುತ್ತಿದ್ದೆ. ಆ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲವೆಂದು ಡಾಟಾ ಎಂಟ್ರಿ ಆಪರೇಟರ್ ಕುಮಾರಿ ಅಮೃತಾ ಅವರು ಕೆಂಪು ಪೆನ್ನಿನಿಂದ ಹೊಡೆದುಹಾಕುತ್ತಿದ್ದರು. ಅವರದ್ದೂ ತಪ್ಪಲ್ಲ. ಕಾಲಂ ಇಲ್ಲದಿರುವುದು ನಿಜ.

ಅಕ್ಟೋಬರ್ 2ರ ಸ್ವಚ್ಛತಾ ಕಾರ್ಯಕ್ರಮದಲ್ಲಿ ಅತಿಥಿಗಳು ಹಸಿರು ಬಾವುಟ ಬೀಸಿದ ಮೇಲೆ ವಾಹನವು ಹೊರಡದೆ ನಿಂತಾಗ, ತಾವೂ ಸಹ ಹಿಂದಿನಿಂದ ಒಂದು ಕೈ ಹಾಕಿರುತ್ತೀರಿ. ತಮ್ಮ ಬಿಳಿ ಶರ್ಟಿಗೆ ಆದದ್ದರ ಬಗ್ಗೆ ನಾನು ಮತ್ತು ರುದ್ರಮ್ಮ ಅಂದೇ ವಿಷಾದ ವ್ಯಕ್ತಪಡಿಸಿರುತ್ತೇವೆ. ಇದನ್ನು ಇಲ್ಲಿ ಹೇಳುತ್ತಿರುವುದು ತಮ್ಮನ್ನು ಮುಜುಗರಕ್ಕೆ ಒಳಪಡಿಸಲು ಅಲ್ಲ. ವಾಹನವನ್ನು ತಳ್ಳಬೇಕಾಗುತ್ತಿತ್ತು ಎಂಬುದಕ್ಕೆ ನನ್ನ ಬಳಿ ಕೆಂಪು ಗೀಟು ಇಲ್ಲದ ಸಾಕ್ಷಿ ಬೇರೆ ಇಲ್ಲದಿರುವುದರಿಂದ ಹೇಳಿದೆ.

5. ಬ್ಯಾಟರಿಯನ್ನು ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಹೀಗೆ ಮೂರು ಬಾರಿ ಬದಲಾಯಿಸಲಾಯಿತು. ಪ್ರತಿ ಬಾರಿಯೂ ಒಂದು ವಾರ ವಾಹನ ಚೆನ್ನಾಗಿ ಓಡಿ ಮತ್ತೆ ಮೊದಲಿನಂತಾಯಿತು. ಎರಡನೆಯದು ಸತ್ತಾಗ ಸದಸ್ಯರೊಬ್ಬರು ಸಭೆಯಲ್ಲಿ, ಹೆಂಗಸರು ಲೈಟ್ ಆಫ್ ಮಾಡುವುದನ್ನು ಮರೆತು ಮನೆಗೆ ಹೋಗುತ್ತಾರೆ, ಬ್ಯಾಟರಿ ಉಳಿಯುವುದು ಹೇಗೆ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಾರನೆಯ ದಿನದಿಂದ ನನಗೆ ಅನುಮಾನ ಶುರುವಾಯಿತು. ಸಂಜೆ ಕೀಲಿ ತೆಗೆದು ಅರ್ಧ ದಾರಿ ಹೋದವಳು ತಿರುಗಿ ಬಂದು ಲೈಟ್ ನೋಡುತ್ತಿದ್ದೆ. ಆರಿರುತ್ತಿತ್ತು. ಮತ್ತೆ ಹೋಗಿ ಮತ್ತೆ ಬರುತ್ತಿದ್ದೆ. ಕೊನೆಗೆ, ಆರಿರುವ ಲೈಟಿನ ಫೋಟೋವನ್ನು ದಿನವೂ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು ಅದನ್ನು ಮನೆಯಲ್ಲಿ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇಂತಹ ಎಂಬತ್ತೇಳು ಫೋಟೋಗಳಿವೆ. ಎಲ್ಲವೂ ಒಂದೇ ತರಹ ಇರುವುದರಿಂದ ಎರಡನ್ನು ಮಾತ್ರ ಲಗತ್ತಿಸಿದೆ.

6. ಈಗ ಬೇಲಿಯ ವಿಷಯ. 06-11-2024, ಬುಧವಾರ, ಬೆಳಿಗ್ಗೆ ಒಂಬತ್ತೂಕಾಲರ ಸುಮಾರಿಗೆ ಹಾಲಿನ ಡೇರಿಯ ಮುಂದೆ ವಾಹನ ನಿಂತಿತು. ನಾನು ಆಕ್ಸಿಲೇಟರ್ ಒತ್ತಿಕೊಂಡು ಹತ್ತು ಹನ್ನೆರಡು ಸಲ ಸೆಲ್ಫ್ ಹೊಡೆದೆ. ಪ್ಲಾಸ್ಟಿಕ್ ಸುಟ್ಟಂತೆ ವಾಸನೆ ಬಂತು. ಕಸದ ವಾಹನದಲ್ಲಿ ವಾಸನೆಗೆ ಯಾರೂ ಬೆಲೆ ಕೊಡುವುದಿಲ್ಲವಾದ್ದರಿಂದ ನಾನೂ ಕೊಡಲಿಲ್ಲ. ಮುಂದೆ ಸ್ವಲ್ಪ ಇಳಿಜಾರಿತ್ತು. ವಾಹನವನ್ನು ತಳ್ಳಲಾಯಿತು. ಇಂಜಿನ್ ಹಿಡಿದ ಕೂಡಲೇ, ನನ್ನ ಕಾಲು ಪೆಡಲಿನ ಮೇಲೆ ಇಲ್ಲದಿದ್ದರೂ, ಪೂರ್ತಿ ಆಕ್ಸಿಲೇಟರ್ ಒತ್ತಿದಂತೆ ಅರಚಿಕೊಂಡು ವಾಹನ ಮುಂದಕ್ಕೆ ಹಾರಿತು. ನಾನು ಬ್ರೇಕ್ ಒತ್ತಿ, ಕೀಲಿ ತಿರುಗಿಸಿ ಆಫ್ ಮಾಡಿ, ಬೇಲಿಯಲ್ಲಿ ನಿಂತೆ. ಬೇಲಿಯ ಮೂರು ಕಂಬ ಮತ್ತು ಒಂದು ಮೆಣಸಿನ ಬಳ್ಳಿ ಹಾನಿಗೊಳಗಾದವು. ಇಷ್ಟನ್ನು ತಾವು ನೋಟೀಸಿನಲ್ಲಿ ಬರೆದಿರುತ್ತೀರಿ, ಸರಿಯಾಗಿದೆ.

7. ನೋಟೀಸಿನಲ್ಲಿ ಇಲ್ಲದ್ದು: "ವಾಹನವನ್ನು ತಳ್ಳಲಾಯಿತು" ಎಂದು ಮೇಲೆ ಬರೆದಿದ್ದೇನೆ. ತಳ್ಳಿದವರು ರುದ್ರಮ್ಮ. ಅಂದು ಅವರಿಗೆ ಸೊಂಟ ಹಿಡಿದುಕೊಂಡಿತ್ತು. ಸ್ವಲ್ಪ ತಡೆದರೆ ಡೇರಿಗೆ ಹಾಲು ಹಾಕಲು ಯಾರಾದರೂ ಬರುತ್ತಾರೆ, ಅವರ ಕೈಲಿ ತಳ್ಳಿಸೋಣ ಎಂದರು. ನಿನ್ನೆಯೂ ತಡವಾಗಿದೆ, ಬೈಸಿಕೊಳ್ಳುವವಳು ನಾನು, ತಳ್ಳಿ ಎಂದು ನಾನೇ ಹೇಳಿದೆ. ಅವರು ಇಳಿದು ತಳ್ಳಿದರು. ಮೈಭಾರವನ್ನೆಲ್ಲ ವಾಹನದ ಮೇಲೆ ಹಾಕಿದ್ದಾಗ ವಾಹನ ಮುಂದಕ್ಕೆ ಹಾರಿದ್ದರಿಂದ ಕೈ ಊರಿ ರಸ್ತೆಗೆ ಬಿದ್ದರು.

ನಾನು ಬೇಲಿಯಿಂದ ಇಳಿದು ಓಡಿ ಬಂದಾಗ ಅವರು ಕೂತಿದ್ದರು. ಬಲಗೈ ಮಣಿಕಟ್ಟು ಇರಬಾರದ ದಿಕ್ಕಿಗೆ ತಿರುಗಿತ್ತು. ಅಳುತ್ತಿರಲಿಲ್ಲ. ಗಾಡಿಗೆ ಏನಾಯಿತು ಎಂದು ಕೇಳಿದರು.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅವರು ನನಗೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತಿದ್ದೇನೆ. "ಬಚ್ಚಲಲ್ಲಿ ಜಾರ್ಬಿದ್ದೆ ಅಂತೀನಿ. ನೀನು ಬಾಯ್ ಬಿಡಬ್ಯಾಡ ಸುಮಿ. ಮೊದ್ಲೇ ನಿನ್ ಮೇಲೆ ಕಣ್ಣಿಟ್ಟವ್ರೆ, ಇದೊಂದು ಸಿಕ್ಕಿದ್ರೆ ಗಾಡಿ ಕಿತ್ಕಂಡ್ಬಿಡ್ತಾರೆ."

ನಾನು ಬಾಯಿ ಬಿಡಲಿಲ್ಲ. ಆಟೋದಲ್ಲಿ ಬಿಡಲಿಲ್ಲ, ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ಹೇಗಾಯಿತೆಂದು ಕೇಳಿದಾಗ ಬಿಡಲಿಲ್ಲ. 08-11-2024ರಂದು ತಾವು ರುದ್ರಮ್ಮನವರ ಮನೆಗೆ ಬಂದು ಹೇಳಿಕೆ ಪಡೆದಾಗಲೂ ನಾನು ಬಾಗಿಲ ಪಕ್ಕದಲ್ಲೇ ನಿಂತಿದ್ದೆ. ತಾವು ಬಚ್ಚಲುಮನೆಯನ್ನೂ ಪರಿಶೀಲಿಸಿ, ಪಾಚಿ ಇದೆ, ಉಜ್ಜಿಸಬೇಕು ಎಂದು ಸಲಹೆ ನೀಡಿದಿರಿ. ಆ ಪಾಚಿಯನ್ನು ಅಂದೇ ಸಂಜೆ ನಾನು ಉಜ್ಜಿರುತ್ತೇನೆ. ಮನೆಯಲ್ಲಿ ಬಿದ್ದವರಿಗೆ ಕೆಲಸದ ವೇಳೆಯ ಗಾಯಕ್ಕೆ ಸಿಗುವ ಪರಿಹಾರವಾಗಲಿ ರಜೆಯಾಗಲಿ ಅನ್ವಯಿಸುವುದಿಲ್ಲ ಎಂದು ಬರೆದು ಕಡತ ಮುಚ್ಚಲಾಯಿತು. ರುದ್ರಮ್ಮ ಬಾಳೆಲೆ ಎಂಬ ಊರಿನಲ್ಲಿರುವ ತಂಗಿಯ ಮನೆಗೆ ಹೋದರು. ಒಂದು ಕೈಯಲ್ಲಿ ತಲೆ ಬಾಚಿಕೊಳ್ಳಲು ಆಗುವುದಿಲ್ಲವಾದ್ದರಿಂದ.

8. ನಂತರ ತಾವು ನನ್ನನ್ನು ನಾಲ್ಕು ದಿನ ಕೆಲಸದಿಂದ ಹೊರಗಿಟ್ಟು, ಆಕ್ಸಿಲೇಟರ್ ಕೇಬಲ್ ಬದಲಾಯಿಸಿ, ವಾಹನವನ್ನು ಶ್ರೀ ದಿಗಂತ್ ಅವರಿಗೆ ಕೊಟ್ಟಿರಿ. ಇವರು ಐದನೆಯ ಅಂಶದಲ್ಲಿ ಬಂದ ಸದಸ್ಯರ ಅಣ್ಣನ ಮಗ. ಮೊದಲನೆಯ ದಿನ ಅವರು ನನ್ನ ಮನೆಯ ಮುಂದೆ ಎರಡು ಸಲ ಹಾರ್ನ್ ಹೊಡೆದು ಹೋದರು. ಎರಡನೆಯ ದಿನ ಒಂದು ಸಲ. ಮೂರನೆಯ ದಿನ ಹಾರ್ನ್ ಕೇಳಿಸಲಿಲ್ಲ. ಐದನೆಯ ದಿನ ಬೆಳಿಗ್ಗೆ ನಡೆದುಕೊಂಡು ಬಂದು ಕೀಲಿಯನ್ನು ಜಗುಲಿಯ ಮೇಲಿಟ್ಟರು. ವಾಹನವು ಹೆಂಗಸು ಗಂಡಸು ಎಂಬ ಭೇದ ಮಾಡಿರಲಿಲ್ಲ.

"ಅಕ್ಕ, ನಿಮ್ ತಪ್ಪಲ್ಲ. ಗಾಡಿಲೇ ಏನೋ ಐತೆ," ಎಂದರು. "ಆದ್ರೆ ನಾನು ಮೀಟಿಂಗಲ್ಲಿ ಹೇಳಕ್ಕಾಗಲ್ಲ. ಚಿಕ್ಕಪ್ಪ ಇರ್ತಾರೆ."

ಕಚೇರಿಗೆ ಅವರು ಅನಾರೋಗ್ಯವೆಂದು ಬರೆದುಕೊಟ್ಟಿರುತ್ತಾರೆ. ಅದೂ ಸುಳ್ಳಲ್ಲ, ತಳ್ಳಿ ತಳ್ಳಿ ಅವರಿಗೂ ಸೊಂಟ ಹಿಡಿದುಕೊಂಡಿತ್ತು.

9. 16-11-2024ರ ಶನಿವಾರ ನಾನು ನನ್ನ ಸ್ವಂತ ಜವಾಬ್ದಾರಿಯಲ್ಲಿ ವಾಹನವನ್ನು ಶನಿವಾರಸಂತೆಗೆ ತೆಗೆದುಕೊಂಡು ಹೋದೆ. ಸಂತೆಯ ದಿನವಾದ್ದರಿಂದ ತಳ್ಳಲು ಜನಕ್ಕೆ ಕೊರತೆ ಇರಲಿಲ್ಲ. ಅಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವ ಶ್ರೀ ಮಂಜೇಶ್ ಅವರ ಅಂಗಡಿಯಿದೆ. ಮೂರು ಬ್ಯಾಟರಿಯ ಕಥೆಯನ್ನು ಅವರು ಪೂರ್ತಿ ಕೇಳಿದರು. ಕೇಳಿದ ಮೇಲೆ ಬ್ಯಾಟರಿಯ ಕಡೆ ನೋಡಲೇ ಇಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ತುದಿಗೂ ಇನ್ನೊಂದನ್ನು ಇಂಜಿನಿನ ಮೈಗೂ ಹಿಡಿದು ಸೆಲ್ಫ್ ಹೊಡೆಯಲು ಹೇಳಿದರು. ಸೊನ್ನೆಯ ಹತ್ತಿರ ಇರಬೇಕಾದ ಮೀಟರು ಮೂರು ವೋಲ್ಟಿನ ಹತ್ತಿರ ಹೋಯಿತಂತೆ. ಅವರು ವಾಹನದ ಕೆಳಗೆ ನುಸುಳಿ, ಸ್ವಲ್ಪ ಹೊತ್ತಿನ ಮೇಲೆ ಕೈಯಲ್ಲಿ ಏನನ್ನೋ ಹಿಡಿದುಕೊಂಡು ಬಂದರು. ಜಡೆಯಂತೆ ಹೆಣೆದ ತಾಮ್ರದ ಪಟ್ಟಿ. ಇಂಜಿನನ್ನೂ ಗಾಡಿಯ ಕೆಳಗಿನ ಚೌಕಟ್ಟಾದ ಚಾಸಿಯನ್ನೂ ಸೇರಿಸುವ ಅರ್ತ್ ಅದೇ. ಹಸಿರುಗಟ್ಟಿತ್ತು. ಮುಟ್ಟಿದರೆ ಉದುರುತ್ತಿತ್ತು.

"ಅಕ್ಕ, ಬ್ಯಾಟರಿಯಿಂದ ಹೊರಟ ಕರೆಂಟು ಕೆಲ್ಸ ಮುಗ್ಸಿ ವಾಪಸ್ ಬ್ಯಾಟರಿಗೇ ಬರ್ಬೇಕು," ಎಂದರು. "ಇಲ್ಲಿ ಹೋಗಕ್ಕೆ ದಾರಿ ಐತೆ, ಬರಕ್ಕೆ ದಾರಿನೇ ಇಲ್ಲ. ಬ್ಯಾಟರಿ ಬದ್ಲಾಯಿಸ್ಕಂಡು ಏನ್ ಮಾಡ್ತೀರ?"

ಪಟ್ಟಿ ಹಾಳಾದದ್ದು ಹೇಗೆಂದೂ ತೋರಿಸಿದರು. ಕಸದ ತೊಟ್ಟಿಯ ನೀರು ಸೋರಿಹೋಗುವ ತೂತು ಸರಿಯಾಗಿ ಆ ಅರ್ತ್ ಬೋಲ್ಟಿನ ಮೇಲೆಯೇ ಇದೆ. ಊರಿನ ಮೀನು, ಕೋಳಿ, ಉಪ್ಪಿನಕಾಯಿ ಎಲ್ಲದರ ರಸವೂ ದಿನಾಲೂ ಅದರ ಮೇಲೆ ಬಿದ್ದಿದೆ. ವಾಹನ ಕೊಂಡಾಗ ಇದ್ದ ವೈರೇ ತೆಳ್ಳಗಿನದು. ಅದರ ಮೇಲೆ ಧ್ವನಿವರ್ಧಕ, ಅದರ ಆಂಪ್ಲಿಫೈಯರ್, ಹಿಂದಿನ ಎರಡು ದೊಡ್ಡ ಲೈಟು ಸೇರಿಸಲಾಗಿದೆ. ಡೈನಮೋ ಬ್ಯಾಟರಿಗೆ ತುಂಬಿಸುವ ಕರೆಂಟು ಕೂಡ ಇದೇ ದಾರಿಯಲ್ಲಿ ತಿರುಗಬೇಕಾದ್ದರಿಂದ, ಬ್ಯಾಟರಿಗಳು ಎಂಟು ತಿಂಗಳಿನಿಂದ ಅರೆಹೊಟ್ಟೆಯಲ್ಲಿದ್ದವು.

10. ಆಗ ನನಗೆ ಆಕ್ಸಿಲೇಟರ್ ಕೇಬಲಿನ ನೆನಪಾಯಿತು. ಬದಲಾಯಿಸಿದ ಹಳೆಯದು ಸೀಟಿನ ಹಿಂದೆಯೇ ಬಿದ್ದಿತ್ತು. ತೆಗೆದು ಕೊಟ್ಟೆ. ಮಂಜೇಶ್ ಅದರ ಹೊದಿಕೆಯನ್ನು ಸೀಳಿ ತೋರಿಸಿದರು. ಒಳಗಿನ ಪ್ಲಾಸ್ಟಿಕ್ ಕರಗಿ, ಕಪ್ಪಾಗಿ, ತಂತಿಗೆ ಅಂಟಿಕೊಂಡಿತ್ತು. ಅರ್ತ್ ಇಲ್ಲದಿದ್ದಾಗ ಸೆಲ್ಫಿನ ಕರೆಂಟು ಸುಮ್ಮನಿರುವುದಿಲ್ಲವಂತೆ. ಇಂಜಿನಿಗೂ ಬಾಡಿಗೂ ಮಧ್ಯೆ ಲೋಹದ ಯಾವುದು ಸಿಕ್ಕಿದರೆ ಅದರಲ್ಲಿ ನುಗ್ಗುತ್ತದಂತೆ. ಸಿಕ್ಕಿದ್ದು ಇದು. ನಾನು ಸೆಲ್ಫ್ ಹೊಡೆದಷ್ಟೂ ಇದು ಕಾದಿದೆ. ಪೆಡಲ್ ಮೇಲಕ್ಕೆ ಬಂದಿದ್ದರೂ ಒಳಗಿನ ತಂತಿ ಒತ್ತಿದಲ್ಲೇ ಅಂಟಿಕೊಂಡಿದೆ. ಆದಕಾರಣ ಇಂಜಿನ್ ಹಿಡಿದ ಕೂಡಲೇ ವಾಹನ ಹಾರಿದೆ. ಆದ್ದರಿಂದ ಬೇಲಿ. ಆದ್ದರಿಂದ ರುದ್ರಮ್ಮನವರ ಮಣಿಕಟ್ಟು.

ನಾನು ಅಲ್ಲಿದ್ದ ಹಳೆಯ ಟಯರಿನ ಮೇಲೆ ಕುಳಿತೆ. ಮಂಜೇಶ್ ಟೀ ತರಿಸಿದರು. ಇದು ಸಮಜಾಯಿಷಿಗೆ ಅಗತ್ಯವಿಲ್ಲದ ವಿವರವಾದರೂ, ಹತ್ತು ದಿನಗಳಿಂದ ನನ್ನ ಕಾಲೇ ಅರಿವಿಲ್ಲದೆ ಪೆಡಲ್ ಒತ್ತಿರಬಹುದೆಂದು ನಾನು ನಂಬಿಕೊಂಡಿದ್ದೆನಾದ್ದರಿಂದ ಬರೆದಿದ್ದೇನೆ.

11. ಮಂಜೇಶ್ ಅವರು ಎರಡೂ ತುದಿಗೆ ಕಚ್ಚುವ ಹಿಡಿಯಿರುವ ತಮ್ಮ ಸ್ವಂತ ಜಂಪರ್ ಕೇಬಲನ್ನು ಬ್ಯಾಟರಿಯ ಮೈನಸ್‌ನಿಂದ ಇಂಜಿನಿಗೆ ನೇರವಾಗಿ ಕಚ್ಚಿಸಿ, ತಾತ್ಕಾಲಿಕವಾಗಿ ಕಟ್ಟಿ ಕೊಟ್ಟರು. ನೋಟೀಸಿನ ಮೂರನೆಯ ವಿಷಯದಲ್ಲಿರುವ "ಅನಧಿಕೃತ ವೈರ್" ಇದೇ. ಕೀಲಿ ತಿರುಗಿಸಿದೆ. ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಅಂದಿನಿಂದ ಡಿಸೆಂಬರ್ 7ರವರೆಗೆ ಒಂದು ದಿನವೂ ತಳ್ಳಲಿಲ್ಲ. ಲಾಗ್ ಪುಸ್ತಕದಲ್ಲಿ ನಾನು "ತಳ್ಳಲಾಗಿಲ್ಲ" ಎಂದು ಬರೆದೆ. ಅದಕ್ಕೂ ಕಾಲಂ ಇಲ್ಲವೆಂದು ಅಮೃತಾ ಅವರು ಹೊಡೆದುಹಾಕಿದರು.

ಸೋಮವಾರ ಹಾಡು ಬ್ರೇಕಿಗೆ ನಿಲ್ಲದೆ ಎರಡನೆಯ ಚರಣಕ್ಕೆ ಹೋದಾಗ ಮೊದಲ ಬೀದಿಯಲ್ಲಿ ಯಾರೂ ಕಸ ತರಲಿಲ್ಲ. ಇದು ಬೇರೆ ಯಾವುದೋ ಪ್ರಚಾರದ ವಾಹನವೆಂದು ಬಾಗಿಲು ಹಾಕಿಕೊಂಡಿದ್ದರು. ಆ ವಾರದ ಕೊನೆಗೆ ಹದಿನಾರು ಮನೆಯವರು ಎರಡು ಬಕೆಟ್ ಇಟ್ಟರು.

12. ಜಂಪರ್ ಕೇಬಲಿನ ಹಿಡಿ ಕುಲುಕಾಟಕ್ಕೆ ಸಡಿಲವಾಗುತ್ತದೆ, ಇದು ಕಾಯಂ ಅಲ್ಲ ಎಂದು ಮಂಜೇಶ್ ಎಚ್ಚರಿಸಿದ್ದರಿಂದ ನಾನು ಉಲ್ಲೇಖ (1), (2), (3)ರ ಅರ್ಜಿಗಳನ್ನು ಸಲ್ಲಿಸಿದೆ. ಮೊದಲನೆಯದು ಉಲ್ಲೇಖವಿಲ್ಲವೆಂದು ವಾಪಸು ಬಂತು. ಮೊದಲ ಅರ್ಜಿಗೆ ಉಲ್ಲೇಖ ಎಲ್ಲಿಂದ ತರಬೇಕೆಂದು ತಿಳಿಯದೆ, ಎರಡನೆಯದಕ್ಕೆ ಮೊದಲನೆಯದನ್ನೇ ಉಲ್ಲೇಖವಾಗಿ ಕೊಟ್ಟೆ. ಸ್ವೀಕೃತವಾಯಿತು. ಆದರೆ ವಿಷಯದಲ್ಲಿ "ಅರ್ತ್ ವೈರ್" ಎಂದಿದ್ದರಿಂದ ಬೀದಿದೀಪದವರಿಗೆ ಹೋಯಿತು. ಅವರು ಮೂರೇ ದಿನದಲ್ಲಿ ಬಂದು, ವಾಹನ ನಿಲ್ಲಿಸುವ ಜಾಗದಲ್ಲಿ ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪು ತುಂಬಿ, ಅರ್ತ್ ಪೈಪ್ ಹೂತು, ಇನ್ನು ಮುಂದೆ ಗಾಡಿಯನ್ನು ಇದರ ಪಕ್ಕದಲ್ಲೇ ನಿಲ್ಲಿಸಿ ಎಂದು ಹೇಳಿ ಹೋದರು. ಅವರ ಶೀಘ್ರ ಸ್ಪಂದನೆಗೆ ನಾನು ಆಭಾರಿ. ಮೂರನೆಯ ಅರ್ಜಿಯಲ್ಲಿ ಗೊಂದಲ ಬೇಡವೆಂದು ಶುದ್ಧ ಕನ್ನಡದಲ್ಲಿ "ಭೂ ಸಂಪರ್ಕ ತಂತಿ" ಎಂದು ಬರೆದೆ. ಗ್ರಾಮ ಆಡಳಿತಾಧಿಕಾರಿಯವರು ಮನೆಗೆ ಬಂದು ಯಾವ ಸರ್ವೆ ನಂಬರಿನ ಭೂಮಿ ಎಂದು ಕೇಳಿದರು.

13. ನಂತರ ತಮ್ಮ 06-12-2024ರ ನೋಟೀಸು ಬಂತು. ಅನಧಿಕೃತ ವೈರನ್ನು ಕೂಡಲೇ ತೆಗೆಯಬೇಕೆಂದು ಇತ್ತು. ಮರುದಿನ ಶನಿವಾರದ ಸುತ್ತು ಮುಗಿಸಿ ತೆಗೆಯುವುದೆಂದು ತೀರ್ಮಾನಿಸಿದೆ. ರುದ್ರಮ್ಮ ಬಾಳೆಲೆಯಿಂದ ಹಿಂದಿನ ದಿನವಷ್ಟೇ ಬಂದಿದ್ದರು. ಅವರ ಮನೆ ನಮ್ಮ ಮಾರ್ಗದ ಕೊನೆಯಲ್ಲಿದೆ. ವಾಹನವನ್ನು ಅವರ ಅಂಗಳದ ಮುಂದೆ ನಿಲ್ಲಿಸಿದೆ. ಸಮತಟ್ಟಾದ ಜಾಗ. ಅವರು ಜಗುಲಿಯಿಂದಲೇ, ಇಲ್ಲಿ ಯಾಕೆ ಆಫ್ ಮಾಡಿದೆ, ಯಾರು ತಳ್ಳುವವರು ಎಂದು ಗದರಿದರು. ನಾನು ಕೀಲಿ ತಿರುಗಿಸಿದೆ. ಸ್ಟಾರ್ಟ್ ಆಯಿತು. ಆಫ್ ಮಾಡಿ ಮತ್ತೆ ತಿರುಗಿಸಿದೆ. ಹೀಗೆ ಐದು ಸಲ ಮಾಡಿದೆ.

ರುದ್ರಮ್ಮ ಹಾಡನ್ನು ಕೊನೆಯವರೆಗೆ ಕೇಳಿದರು. ನಾನು ಪಕ್ಕದಲ್ಲಿ ಕುಳಿತು ಮಂಜೇಶ್ ಹೇಳಿದ್ದನ್ನೆಲ್ಲ ಹೇಳಿ, ಕರಗಿದ ಕೇಬಲನ್ನು ಅವರ ಎಡಗೈಗೆ ಕೊಟ್ಟೆ. ಅವರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಬಾಳೆಲೆಯಲ್ಲಿ ಒಂದು ತಿಂಗಳು ಅವರು ಯೋಚಿಸಿದ್ದು, ಅಂದು ಸೊಂಟನೋವಿನ ಸಿಟ್ಟಿನಲ್ಲಿ ತಾನೇ ಜೋರಾಗಿ ತಳ್ಳಿಬಿಟ್ಟೆನೇನೋ, ಅದಕ್ಕೇ ಗಾಡಿ ಹಾಗೆ ಹಾರಿತೇನೋ, ಒಳಗಿದ್ದ ಸುಮಿಗೇನಾದರೂ ಆಗಿದ್ದರೆ ಎಂದು. ನಾನು ಯೋಚಿಸಿದ್ದು ಅದು ನನ್ನ ಕಾಲಿನ ತಪ್ಪು ಎಂದು. ಇಬ್ಬರೂ ಇದನ್ನು ಪರಸ್ಪರ ಹೇಳಿಕೊಂಡಿರಲಿಲ್ಲ.

"ಅಂದ್ರೆ ನಂದೂ ತಪ್ಪಲ್ಲ, ನಿಂದೂ ತಪ್ಪಲ್ಲ," ಎಂದರು.

ತಳ್ಳಿ ಎಂದದ್ದು ನನ್ನ ತಪ್ಪು ಎಂದೆ. ಅವರು ಅದಕ್ಕೆ ಇಲ್ಲವೆನ್ನಲಿಲ್ಲ. ನಡೆದದ್ದನ್ನು ನಡೆದಂತೆ ಬರೆದು ಕಚೇರಿಗೆ ಕೊಡುತ್ತೇನೆ, ಕೆಲಸ ಹೋದರೆ ಪಿಕ್ಕಿಂಗಿಗೆ ಹೋಗುತ್ತೇನೆ, ಈಗ ಹೇಗೂ ಹಣ್ಣಿನ ಕಾಲ ಎಂದೆ. ಅವರು ಒಳಗೆ ಹೋದರು. ಸಿಟ್ಟಾದರೆಂದು ತಿಳಿದೆ. ಒಂದೇ ಕೈಯಲ್ಲಿ ಕಾಫಿ ಮಾಡಿ ತರಲು ಹೋಗಿದ್ದರು, ಆದ್ದರಿಂದ ತಡವಾಯಿತು. ಲೋಟ ಕೊಟ್ಟು, ಬರಿ ಎಂದರು.

ಅಂದು ಮಧ್ಯಾಹ್ನ ವೈರನ್ನು ತೆಗೆದು ಮಂಜೇಶ್ ಅವರಿಗೆ ಹಿಂತಿರುಗಿಸಿದೆ. ವಾಹನವು ಅಂದಿನಿಂದ ಅರ್ತ್ ಗುಂಡಿಯ ಪಕ್ಕದಲ್ಲಿ ನಿಂತಿದೆ. ನಾಲ್ಕು ದಿನಗಳ ಕಸ ಊರಿನಲ್ಲಿಯೇ ಇದೆ. ತಮ್ಮ ಕಚೇರಿಯ ಕಿಟಕಿಗೆ ಅದರ ಪರಿಚಯವಾಗಿರುತ್ತದೆ ಎಂದು ಭಾವಿಸುತ್ತೇನೆ.

ಮೇಲ್ಕಂಡ ಎಲ್ಲ ಕಾರಣಗಳಿಂದ ತಮ್ಮಲ್ಲಿ ಕೋರುವುದೇನೆಂದರೆ:

ಅ) ಬ್ಯಾಟರಿಯ ಮೈನಸ್‌ನಿಂದ ಇಂಜಿನಿಗೆ ಒಂದು, ಇಂಜಿನಿನಿಂದ ಚಾಸಿಗೆ ಒಂದು, ಚಾಸಿಯಿಂದ ಬಾಡಿಗೆ ಒಂದು, ಹೀಗೆ ಮೂರು ದಪ್ಪ ತಾಮ್ರದ ಕೇಬಲ್‌ಗಳನ್ನು, ಬೋಲ್ಟ್ ಕೂರುವ ಜಾಗದ ಪೇಂಟ್ ಕೆರೆದು, ಗ್ರೀಸ್ ಹಚ್ಚಿ ಹಾಕಿಸಿಕೊಡುವುದು. ತೊಟ್ಟಿಯ ತೂತನ್ನು ಬೇರೆ ಕಡೆಗೆ ಸರಿಸುವುದು. ಈ ಅರ್ಜಿಯನ್ನು ವಿದ್ಯುತ್ತಿಗಾಗಲಿ ಭೂಮಿಗಾಗಲಿ ಸಂಬಂಧಿಸಿದ ಯಾರಿಗೂ ವರ್ಗಾಯಿಸದಿರುವುದು.

ಆ) ಹೊಸ ಬ್ಯಾಟರಿ ಕೊಡಿಸದಿರುವುದು. ಈಗಿರುವುದು ಚೆನ್ನಾಗಿದೆ.

ಇ) ಶ್ರೀಮತಿ ರುದ್ರಮ್ಮನವರು 06-11-2024ರಂದು ಕೆಲಸದ ವೇಳೆಯಲ್ಲಿ, ಪಂಚಾಯಿತಿ ವಾಹನವನ್ನು ತಳ್ಳುವಾಗ, ಹಾಲಿನ ಡೇರಿಯ ಮುಂದಿನ ರಸ್ತೆಯಲ್ಲಿ ಬಿದ್ದರೆಂದು ಕಡತವನ್ನು ತಿದ್ದಿ, ಅವರಿಗೆ ಸಿಗಬೇಕಾದ್ದನ್ನು ಕೊಡಿಸುವುದು. ಸುಳ್ಳು ಹೇಳಿಕೆ ನೀಡಿದ್ದಕ್ಕೆ ಅವರ ಮೇಲೆ ಕ್ರಮ ಬೇಡ. ಅದು ನನ್ನ ಸಲುವಾಗಿ ಹೇಳಿದ್ದು.

ಈ) ನನ್ನ ಮೇಲೆ ಕ್ರಮ ಕೈಗೊಳ್ಳಲೇಬೇಕಾದಲ್ಲಿ, "ತಳ್ಳಿ" ಎಂದು ಹೇಳಿದ್ದಕ್ಕೂ ಒಂದು ತಿಂಗಳು ಸುಮ್ಮನಿದ್ದುದಕ್ಕೂ ಕೈಗೊಳ್ಳುವುದು. ಬ್ಯಾಟರಿಗೆ ಮತ್ತು ಬೇಲಿಗೆ ಕೈಗೊಳ್ಳದಿರುವುದು.

ತಮ್ಮ ವಿಶ್ವಾಸಿ, ಸದ್ಯಕ್ಕೆ ಚಾಲಕಿ,
(ಸಹಿ)
ಸುಮಿತಾ ಬಿ. ಆರ್.

ಲಗತ್ತುಗಳು:
1) ಡ್ರೈವಿಂಗ್ ಲೈಸೆನ್ಸಿನ ಪ್ರತಿ
2) ಆರಿರುವ ಲೈಟಿನ ಫೋಟೋ, ಎರಡು
3) ಹಳೆಯ ಅರ್ತ್ ಪಟ್ಟಿ (ಪೇಪರಿನಲ್ಲಿ ಕಟ್ಟಿದೆ, ಬಿಚ್ಚಿದರೆ ಉದುರುತ್ತದೆ)
4) ಕರಗಿದ ಆಕ್ಸಿಲೇಟರ್ ಕೇಬಲ್
5) ಶ್ರೀ ಮಂಜೇಶ್ ಅವರು ಬಿಡಿಸಿಕೊಟ್ಟ ವೈರಿಂಗ್ ಚಿತ್ರ
6) ಶ್ರೀಮತಿ ರುದ್ರಮ್ಮನವರ ಹೊಸ ಹೇಳಿಕೆ

ವಿ. ಸೂ.: ಲಗತ್ತು (6)ನ್ನು ಇಂದು ಲಗತ್ತಿಸಿರುವುದಿಲ್ಲ. ಹೇಳಿಕೆಯನ್ನು ನಿನ್ನೆ ಬರೆದು ಅವರಿಗೆ ಎರಡು ಸಲ ಓದಿ ಹೇಳಿದೆ, ಒಪ್ಪಿದರು. ಬಲಗೈ ಪ್ಲಾಸ್ಟರಿನಲ್ಲಿರುವುದರಿಂದ, ನವೆಂಬರ್ 8ರಂದು ತಾವು ಮಾಡಿದಂತೆಯೇ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಅಂಗಡಿಯಿಂದ ಇಂಕ್ ಪ್ಯಾಡ್ ಒಯ್ದಿದ್ದೆ. ಅವರು ಒತ್ತಲಿಲ್ಲ. "ಅವತ್ತು ಸುಳ್ಳಿಗೆ ಹೆಬ್ಬೆಟ್ಟು ಒತ್ತಿದ್ದೆ. ಇದಕ್ಕೆ ಸೈನ್ ಹಾಕ್ತೀನಿ," ಎಂದರು. ಸಹಿ ಹಾಕುವುದನ್ನು ಅವರು ಸಂಘದಲ್ಲಿ ಕಲಿತಿದ್ದಾರೆ, ಬಲಗೈಯಲ್ಲಿ ಮಾತ್ರ ಬರುತ್ತದೆ. ಪ್ಲಾಸ್ಟರನ್ನು 18-12-2024ರಂದು ಬಿಚ್ಚುತ್ತಾರೆ. ಬಿಚ್ಚಿದ ಮೇಲೆ ಬೆರಳು ಹಿಡಿತಕ್ಕೆ ಬರಲು ಎರಡು ದಿನ ಬೇಕಾಗಬಹುದೆಂದು ಡಾಕ್ಟರು ಹೇಳಿದ್ದಾರೆ. ರುದ್ರಮ್ಮ ಒಂದು ದಿನ ಸಾಕು ಎನ್ನುತ್ತಾರೆ. ಆದ್ದರಿಂದ 20-12-2024ರವರೆಗೆ ಈ ಅರ್ಜಿಯನ್ನು ಅಪೂರ್ಣವೆಂಬ ಕಾರಣಕ್ಕೆ ಹಿಂತಿರುಗಿಸಬಾರದಾಗಿ ಕೋರಿದೆ.